ಹುಲಿಯ ಹೊಟ್ಟೆಯೊಳಗಿನ ದನಿ

ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸ್. ಹೊರಗೆ ಗಾಡಿಗಳ ಸದ್ದು, ಒಳಗೆ ಪುಸ್ತಕಾಲಯದ ಮೌನ. ಹಸ್ತಪ್ರತಿ ಬಿಡಿಸಿಕೊಂಡು ತಲೆತಗ್ಗಿಸಿ ಕೂತವರ ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಒಂದು ಗುಟುರು ಏಳುತ್ತದೆ, ಅದರ ಹಿಂದೆಯೇ ಮನುಷ್ಯನೊಬ್ಬನ ನರಳಾಟ. ನೋಡಲು ಬಂದ ಯಾರೋ ಹಿಡಿಕೆ ತಿರುಗಿಸಿದ್ದಾರೆ. ಬಣ್ಣ ಬಳಿದ ಮರದ ಹುಲಿಯೊಂದು ತನ್ನ ಕೆಳಗೆ ಅಂಗಾತ ಬಿದ್ದ ಐರೋಪ್ಯನ ಕುತ್ತಿಗೆಗೆ ಬಾಯಿ ಹಾಕಿದೆ. ಅವನ ಎಡಗೈ ಮೇಲೆ ಕೆಳಗೆ ಆಡುತ್ತಿದೆ. 1808ರಿಂದ ಸಾರ್ವಜನಿಕರ ನೋಟಕ್ಕಿದ್ದ ಈ ಹುಲಿಯ ಕಾಟದಿಂದ ಓದುಗರು ಎಷ್ಟು ರೋಸಿಹೋಗಿದ್ದರೆಂದರೆ, 1869ರಲ್ಲೂ ಲಂಡನ್ನಿನ ಪತ್ರಿಕೆಯೊಂದು ಆ ಹಳೆಯ ಗದ್ದಲವನ್ನು ನೆನೆದು ದೂರಿತ್ತು. ಅಷ್ಟು ಹೊತ್ತಿಗೆ ಹಿಡಿಕೆ ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು. ಹುಲಿ ಸುಮ್ಮನಾಗಿತ್ತು.

ಟಿಪ್ಪುವಿನ ಈ ಹುಲಿ ಕನ್ನಡಿಗರಿಗೆ ಹೊಸದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕಿದ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವುದು ಎಂಬಷ್ಟು ಸಾಮಾನ್ಯವಾಗಿ ಗೊತ್ತು. ದೊಡ್ಡ ಆಟಿಕೆ ಎಂದು ಅದನ್ನು ಕರೆಯುವುದೂ ರೂಢಿಯಾಗಿದೆ. ಆದರೆ ಹುಲಿಯ ಪಕ್ಕೆಯಲ್ಲೊಂದು ಮುಚ್ಚಳವಿದೆ. ಅದನ್ನು ತೆರೆದರೆ ದಂತದ 18 ಕೀಗಳು ಕಾಣುತ್ತವೆ, ಅವುಗಳ ಹಿಂದೆ ಎರಡು ಸಾಲು ಕೊಳವೆಗಳು. ಹಿಡಿಕೆ ತಿರುಗಿಸಿದಾಗ ತಿದಿ ಗಾಳಿ ಊದುತ್ತದೆ. ಕೀ ಒತ್ತಿದರೆ ಅದರ ಕೊಳವೆ ನುಡಿಯುತ್ತದೆ. ಎಂದರೆ ಇದು ಆರ್ಗನ್. ಸುಮಾರು ಐದೂಮುಕ್ಕಾಲು ಅಡಿ ಉದ್ದದ ಹುಲಿಯ ಒಡಲಿನಲ್ಲಿ ಕೂಡಿಸಿದ, ನಮ್ಮ ನೆಲದಲ್ಲಿ ನುಡಿದ ಕೀಬೋರ್ಡ್ ವಾದ್ಯ. ಅದರ ರೂಪ ಎಲ್ಲರಿಗೂ ಗೊತ್ತು, ದನಿ ಕೇಳಿದವರು ತೀರಾ ಕಡಿಮೆ.

ಇನ್ನೂರು ಮುನ್ನೂರು ವರ್ಷದ ಆರ್ಗನ್, ಹಾರ್ಪ್ಸಿಕಾರ್ಡ್, ಪಿಯಾನೊಗಳ ದನಿಯನ್ನು ಕೀ ಕೀಯಾಗಿ ಮುದ್ರಿಸಿ ಕಂಪ್ಯೂಟರಿನಲ್ಲಿ ಕೂಡಿಡುವ ಕೆಲಸ ಎರಡು ದಶಕಗಳಿಂದ ಚೆನ್ನಾಗಿ ಬೆಳೆದಿದೆ. ಇದನ್ನು ಕೆಲವರು ವಾದ್ಯಕ್ಕೆ ಅಮರತ್ವ ಕೊಟ್ಟಂತೆ ಎಂದು ಹೊಗಳುತ್ತಾರೆ, ಕೆಲವರು ಶವಕ್ಕೆ ಸಿಂಗಾರ ಎಂದು ಹಳಿಯುತ್ತಾರೆ. ಈ ಎರಡೂ ಮಾತು ವಾದ್ಯಗಳ ಹಿತಕ್ಕೆ ಒದಗುವುದಿಲ್ಲ ಎಂಬುದು ಈ ಲೇಖನದ ವಾದ. ಡಿಜಿಟಲ್ ಸಂಗ್ರಹವೆಂದರೆ ವಾದ್ಯವೊಂದು ಇಂಥ ದಿನ, ಇಂಥ ಸ್ಥಿತಿಯಲ್ಲಿ ಹೀಗೆ ನುಡಿಯಿತು ಎಂಬ ಸಾಕ್ಷಿ. ಸಾಕ್ಷಿಗೆ ಬೆಲೆ ಬರುವುದು ಅದು ಏನನ್ನೂ ಮುಚ್ಚಿಡದಿದ್ದಾಗ. ವಾದ್ಯ ಇನ್ನೂ ನುಡಿಯುತ್ತಿರುವಾಗಲೇ, ಅದರ ಕಿರುಗುಟ್ಟುವಿಕೆ, ಸೋರುವ ಗಾಳಿ, ಅಪಶ್ರುತಿಗಳ ಸಮೇತ ಅದನ್ನು ಬರೆದಿಡಬೇಕು.

ಹಾಡಿನ ಮುದ್ರಣ, ವಾದ್ಯದ ಮುದ್ರಣ

ಧ್ವನಿಮುದ್ರಣ ಬಂದು ನೂರಕ್ಕೂ ಹೆಚ್ಚು ವರ್ಷವಾಯಿತಲ್ಲ, ಇದರಲ್ಲಿ ಹೊಸದೇನು ಎಂದು ಕೇಳಬಹುದು. ಉತ್ತರಕ್ಕೆ ಮೈಸೂರಿನದೇ ಒಂದು ನಿದರ್ಶನವಿದೆ. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದಾಗ, ಅವರ ರಚನೆಗಳನ್ನು ಅವರಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ತಂದ ಆ ತಟ್ಟೆಗಳಿಲ್ಲದಿದ್ದರೆ, 1951ರಲ್ಲಿ ತೀರಿಕೊಂಡ ಮೆಟ್ನರ್ ತಮ್ಮ ರಚನೆಗಳನ್ನು ಹೇಗೆ ನುಡಿಸುತ್ತಿದ್ದರೆಂಬುದು ನಮಗೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ. ಮಹಾರಾಜರಿಗೆ ಅವರು ತಮ್ಮ ಮೂರನೆಯ ಪಿಯಾನೊ ಕಾನ್ಚರ್ಟೊವನ್ನೇ ಅರ್ಪಿಸಿದರು. ಆ ತಟ್ಟೆಗಳಲ್ಲಿ ಉಳಿದದ್ದು ಒಬ್ಬ ಕಲಾವಿದನ ಕೈ, ಅವನ ಮನಸ್ಸು. ಅವನು ನುಡಿಸಿದ ಪಿಯಾನೊ ಅಲ್ಲಿ ಬರಿಯ ಪರಿಕರ. ಆ ಮುದ್ರಣದಿಂದ ಒಂದೇ ಒಂದು ಸ್ವರವನ್ನು ಬಿಡಿಸಿ ತೆಗೆದು, ಅದು ಹೇಗೆ ಹುಟ್ಟಿತು, ಎಷ್ಟು ಹೊತ್ತು ನಿಂತಿತು, ಹೇಗೆ ಆರಿತು ಎಂದು ನೋಡುವಂತಿಲ್ಲ. ಮಾತಿನಲ್ಲಿ ಅಕ್ಷರಗಳು ಬೆರೆತಂತೆ ಎಲ್ಲವೂ ಬೆರೆತಿವೆ.

ವಾದ್ಯದ ಸಂಗ್ರಹ ಇದಕ್ಕೆ ತಿರುಗುಮುರುಗು. ಇಲ್ಲಿ ಸಂಗೀತವೇ ಇರುವುದಿಲ್ಲ. ಒಂದೊಂದು ಕೊಳವೆಯನ್ನು, ಒಂದೊಂದು ತಂತಿಯನ್ನು ಪ್ರತ್ಯೇಕವಾಗಿ ನುಡಿಸಿ, ದನಿ ಪೂರ್ತಿ ಆರುವವರೆಗೆ ಕಾದು ಮುದ್ರಿಸುತ್ತಾರೆ. ಸ್ಯಾಂಪ್ಲಿಂಗ್ ಎಂದು ಕರೆಯುವುದು ಇದನ್ನೇ. ಹೀಗೆ ಸಿಕ್ಕ ತುಣುಕೇ ಸ್ಯಾಂಪಲ್. ಆ ಸಾವಿರಾರು ತುಣುಕುಗಳನ್ನು ಹಾಪ್ಟ್‌ವರ್ಕ್‌ನಂಥ ತಂತ್ರಾಂಶಕ್ಕೆ ತುಂಬಿದರೆ, ಮನೆಯ ಕೀಬೋರ್ಡಿನಲ್ಲಿ ಬೆರಳಿಟ್ಟಾಗ ದೂರದ ಚರ್ಚಿನ ಅದೇ ಕೊಳವೆ ನುಡಿಯುತ್ತದೆ. ಅಲ್ಲಿ ಯಾರೂ ಎಂದೂ ನುಡಿಸದ ಕೃತಿಯನ್ನೂ ಇಲ್ಲಿ ನುಡಿಸಬಹುದು. ಹೇಳಿಕೆ ಸುಲಭ, ಮಾಡುವುದು ಕಷ್ಟ.

ನಿಶ್ಶಬ್ದವೇ ಸಿಗದ ಕೆಲಸ

ಆರ್ಗನ್ನಿನ ರಚನೆಯನ್ನು ತುಸು ಹತ್ತಿರದಿಂದ ನೋಡಿದರೆ ಕಷ್ಟ ಎಲ್ಲಿದೆಯೆಂದು ತಿಳಿಯುತ್ತದೆ. ತಿದಿಯ ಗಾಳಿ ಒಂದು ಪೆಟ್ಟಿಗೆಯಲ್ಲಿ ಒತ್ತಡ ಕಟ್ಟಿಕೊಂಡು ನಿಂತಿರುತ್ತದೆ. ಕೀ ಒತ್ತಿದಾಗ ಪುಟ್ಟ ಬಾಗಿಲೊಂದು ತೆರೆದು ಗಾಳಿ ಕೊಳವೆಗೆ ನುಗ್ಗುತ್ತದೆ. ಹಳೆಯ ವಾದ್ಯಗಳಲ್ಲಿ ಕೀಗೂ ಬಾಗಿಲಿಗೂ ನಡುವೆ ಮರದ ಪಟ್ಟಿ, ತಂತಿಗಳ ಸಂಪರ್ಕ ಮಾತ್ರ. ಬೆರಳಿನ ಅದುಮು ನೇರವಾಗಿ ಬಾಗಿಲಿಗೆ ತಲಪುತ್ತದೆ. ಹಾಗಾಗಿ ಸ್ವರ ಕೇಳಿಸುವುದಕ್ಕೆ ಮೊದಲು ಮರದ ಸಣ್ಣ ಟಕ್ ಸದ್ದು, ಗಾಳಿಯ ಸುಯ್ಲು, ಆಮೇಲೆ ತುಟಿಗೆ ಹತ್ತಿದ ಕೊಳಲಿನಂತೆ ಕ್ಷಣ ತಡವರಿಸಿ ನಿಲ್ಲುವ ನಾದ. ಆ ತಡವರಿಕೆ ಕೊಳವೆಯಿಂದ ಕೊಳವೆಗೆ ಬೇರೆ. ಜೋರಾದ ನಾಲ್ಕಾರು ಸ್ವರ ಒಟ್ಟಿಗೆ ನುಡಿಸಿದರೆ ಗಾಳಿಯ ಒತ್ತಡ ಕುಸಿದು ಎಲ್ಲ ಸ್ವರಗಳೂ ಒಮ್ಮೆ ನಡುಗುತ್ತವೆ. ಇವೆಲ್ಲ ದೋಷಗಳೆನಿಸಬಹುದು. ಒಂದು ಆರ್ಗನ್ನನ್ನು ಇನ್ನೊಂದರಿಂದ ಬೇರೆಯೆಂದು ಕಿವಿ ಗುರುತಿಸುವುದು ಇವುಗಳಿಂದಲೇ.

ಮುದ್ರಣ ಸಾಮಾನ್ಯವಾಗಿ ನಡೆಯುವುದು ರಾತ್ರಿ. ಬೀದಿಯ ವಾಹನ, ಗಂಟೆ, ಹಕ್ಕಿ ಎಲ್ಲ ಅಡಗಿರಬೇಕು. ಆದರೂ ಗಾಳಿ ಊದುವ ಮೋಟರಿನ ಗುಂಯ್‌ಗುಡುವಿಕೆ ಉಳಿದೇ ಉಳಿಯುತ್ತದೆ. ಅದನ್ನು ಬೇರೆಯಾಗಿ ಮುದ್ರಿಸಿಕೊಂಡು ಆಮೇಲೆ ಲೆಕ್ಕ ಹಾಕಿ ಕಳೆಯುತ್ತಾರೆ. ಚಳಿ ಸೆಖೆಯ ಕಾಟ ಇನ್ನೊಂದು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕೊಳಲಿನ ಜಾತಿಯ ಕೊಳವೆಗಳ ಶ್ರುತಿ ಒಂದು ಸ್ವರಸ್ಥಾನದ ನೂರರಲ್ಲಿ ಮೂರು ಪಾಲಿನಷ್ಟು ಏರುತ್ತದೆ. ನಾಲಿಗೆಯಿರುವ ಕೊಳವೆಗಳು ಅಷ್ಟು ಏರುವುದಿಲ್ಲ. ಸಂಜೆ ಶುರುಮಾಡಿದ ಕೆಲಸ ಬೆಳಗಿನ ಚಳಿಗೆ ಮುಗಿದರೆ, ಒಂದೇ ವಾದ್ಯದ ಮೊದಲ ಸ್ವರಕ್ಕೂ ಕೊನೆಯ ಸ್ವರಕ್ಕೂ ಹೊಂದಾಣಿಕೆ ತಪ್ಪಿರುತ್ತದೆ. ಪ್ರತಿ ತುಣುಕಿನ ಜೊತೆ ಉಷ್ಣತೆಯನ್ನೂ ಬರೆದಿಡದಿದ್ದರೆ ಆ ಮುದ್ರಣ ಅರ್ಧ ಸಾಕ್ಷಿ ಮಾತ್ರ.

ಇನ್ನು ಕೀಯಿಂದ ಬೆರಳೆತ್ತಿದ ಮೇಲೆ ಉಳಿಯುವ ದನಿ. ಸ್ವರವನ್ನು ಹತ್ತು ಸೆಕೆಂಡು ಹಿಡಿದರೆ ಕಟ್ಟಡವೆಲ್ಲ ನಾದ ತುಂಬಿಕೊಂಡಿರುತ್ತದೆ. ಬೆರಳೆತ್ತಿದಾಗ ಅನುರಣನ ಕಮಾನಿನಿಂದ ಕಮಾನಿಗೆ ಹಾಯ್ದು ನಿಧಾನ ಆರುತ್ತದೆ. ಒಂದು ಚಿಟಿಕೆಯಷ್ಟು ಹೊತ್ತು ಒತ್ತಿ ಬಿಟ್ಟರೆ ಅದು ತುಂಬುವುದೇ ಇಲ್ಲ. ಒಂದೇ ಕೊಳವೆಗೆ ಇವು ಬೇರೆ ಬೇರೆ ಬಾಲಗಳು. ಆದ್ದರಿಂದ ಪ್ರತಿ ಸ್ವರವನ್ನೂ ಚಿಕ್ಕದು, ಮಧ್ಯಮ, ದೀರ್ಘ ಎಂದು ಹಲವು ಸಲ ಮುದ್ರಿಸಬೇಕು. ಪ್ಯಾರಿಸ್ಸಿನ ನೋಟ್ರ್ ಡಾಮ್ ಆರ್ಗನ್ನಿನಲ್ಲಿ ಸುಮಾರು 8,000 ಕೊಳವೆಗಳಿವೆ. ಒಂದೊಂದಕ್ಕೆ ಹದಿನೈದು ಸೆಕೆಂಡಿನ ಒಂದೇ ಮುದ್ರಣವೆಂದರೂ 33 ಗಂಟೆ. ಮೂರು ಬಗೆಯದೆಂದರೆ ನೂರು ಗಂಟೆ ಎಡೆಬಿಡದ ನಾದ, ನಡುವಿನ ಕಾಯುವಿಕೆ ಬಿಟ್ಟು.

ಎರಡು ಬೆಂಕಿಗಳು

ವಾದ್ಯವೇ ಕಣ್ಣೆದುರಿಗಿರುವಾಗ ಇಷ್ಟೆಲ್ಲ ಏಕೆ, ಅದೇ ದುಡ್ಡನ್ನು ದುರಸ್ತಿಗೆ ಹಾಕಬಾರದೇ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಫ್ರಾನ್ಸಿನ ಎರಡು ಬೆಂಕಿಗಳು ಉತ್ತರ ಕೊಟ್ಟಿವೆ. 2019ರ ಏಪ್ರಿಲ್ 15ರ ಸಂಜೆ ನೋಟ್ರ್ ಡಾಮ್ ಚಾವಣಿ ಉರಿದು ಕುಸಿಯಿತು. ಪಶ್ಚಿಮದ ಗೋಡೆಗೆ ಆತುಕೊಂಡಿದ್ದ ದೊಡ್ಡ ಆರ್ಗನ್ ಸುಡದೆ ಉಳಿಯಿತು, ಆದರೆ ಅದರ ಮೈತುಂಬ ಸೀಸದ ದೂಳು ಕೂತಿತ್ತು. ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ, ಒಂದೊಂದು ಕೊಳವೆಯ ದನಿಯನ್ನು ಕಿವಿಯಿಂದ ತಿದ್ದಿ, 2024ರ ಡಿಸೆಂಬರಿನಲ್ಲಿ ಅದನ್ನು ಮರಳಿ ನುಡಿಸಿದರು. ಅಲ್ಲಿ ಅದೃಷ್ಟ ಇನ್ನೊಂದು ರೀತಿಯಲ್ಲೂ ಕೈಹಿಡಿದಿತ್ತು. ಧ್ವನಿವಿಜ್ಞಾನಿ ಬ್ರಯಾನ್ ಕಾಟ್ಜ್ ಅವರ ತಂಡ 2013ರಲ್ಲೇ ಆ ಕಟ್ಟಡದ ಅನುರಣನವನ್ನು ಅಳೆದಿಟ್ಟಿತ್ತು. ಕೆಡುವ ಮೊದಲು ಈ ಒಳಾಂಗಣ ಹೇಗೆ ಕೇಳಿಸುತ್ತಿತ್ತು ಎಂಬ ಪ್ರಶ್ನೆಗೆ ನೆನಪಿನ ಬದಲು ಲೆಕ್ಕವೇ ಇತ್ತು.

ನಾಂಟ್ ಊರಿಗೆ ಆ ಅದೃಷ್ಟ ಇರಲಿಲ್ಲ. 1621ರಲ್ಲಿ ಜಾಕ್ ಝಿರಾರ್ಡೆ ಕಟ್ಟಿದ ಅಲ್ಲಿನ ಕೆಥೆಡ್ರಲ್ ಆರ್ಗನ್ ಫ್ರೆಂಚ್ ಕ್ರಾಂತಿಯನ್ನು ದಾಟಿ ಬಂದಿತ್ತು, 1972ರ ಚಾವಣಿ ಬೆಂಕಿಯಿಂದ ಪಾರಾಗಿತ್ತು. 2020ರ ಜುಲೈ 18ರ ಬೆಳಿಗ್ಗೆ ಹತ್ತಿದ ಬೆಂಕಿಯಲ್ಲಿ ಪೂರ್ತಿ ಸುಟ್ಟುಹೋಯಿತು. ಸೀಸ, ತವರದ ಕೊಳವೆಗಳು ಕರಗಿದ ಮೇಲೆ ದುರಸ್ತಿ ಮಾಡಲು ಉಳಿಯುವುದೇನು? ದುರಸ್ತಿಯೋ ಸಂಗ್ರಹವೋ ಎಂದು ಎರಡರಲ್ಲಿ ಒಂದನ್ನು ಆರಿಸುವ ಮಾತೇ ಇಲ್ಲಿ ಸಲ್ಲದು. ದುರಸ್ತಿ ಮಾಡುವವರಿಗೂ ಹಿಂದಿನ ದನಿಯ ಪಟ್ಟಿ ಬೇಕು. ತೊಳೆದು ಕೂಡಿಸಿದ ಕೊಳವೆ ಮೊದಲಿನಂತೆ ನುಡಿಯುತ್ತಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಮೊದಲಿನದು ಎಲ್ಲಾದರೂ ಇರಬೇಕಲ್ಲ.

ಮೂರು ಹಳೆಯ ಪಿಯಾನೊಗಳು

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ನೀವು ಉಳಿಸುತ್ತಿರುವುದು ಯಾವ ದನಿ? ಮುನ್ನೂರು ವರ್ಷದಲ್ಲಿ ತೊಗಲು ಬದಲಾಗಿದೆ, ತಂತಿ ಬದಲಾಗಿದೆ, ಮರ ಒಣಗಿದೆ. ಕಟ್ಟಿದವನ ಕಿವಿಗೆ ಬಿದ್ದ ದನಿ ಎಂದೋ ಹೋಗಿದೆ. ಈ ಮಾತು ನಿಜ. ಪಿಯಾನೊ ಕಂಡುಹಿಡಿದ ಬಾರ್ತೊಲೊಮಿಯೊ ಕ್ರಿಸ್ತೊಫೊರಿಯ ವಾದ್ಯಗಳ ಕಥೆಯನ್ನೇ ನೋಡಿ. ಫ್ಲಾರೆನ್ಸಿನ ಮೆದಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಆತನ ಯುಕ್ತಿ ಇಷ್ಟು: ಕೀ ಒತ್ತಿದಾಗ ಸುತ್ತಿಗೆ ತಂತಿಗೆ ಬಡಿದ ತಕ್ಷಣ ಕಳಚಿಕೊಂಡು ಹಿಂದಕ್ಕೆ ಬೀಳಬೇಕು. ಆಗ ತಂತಿ ಬಿಡುಗಡೆಯಾಗಿ ನುಡಿಯುತ್ತದೆ, ಬೆರಳಿನ ಬಲಕ್ಕೆ ತಕ್ಕಂತೆ ದನಿ ಮೆಲ್ಲಗೆ ಅಥವಾ ಜೋರಾಗಿ ಬರುತ್ತದೆ. ಆತನ ಕೈಯ ಪಿಯಾನೊಗಳಲ್ಲಿ ಇಂದು ಉಳಿದಿರುವುದು ಮೂರೇ. 1720ರದು ನ್ಯೂಯಾರ್ಕಿನಲ್ಲಿ, 1722ರದು ರೋಮಿನಲ್ಲಿ, 1726ರದು ಲೈಪ್‌ಝಿಗ್‌ನಲ್ಲಿ.

ನ್ಯೂಯಾರ್ಕಿನದನ್ನು ನುಡಿಸಬಹುದು. ಆದರೆ ನಾದ ಹುಟ್ಟುವ ಮುಖ್ಯ ಹಲಗೆಯನ್ನೇ 1938ರಲ್ಲಿ ಬದಲಿಸಲಾಯಿತು. ಈಗ ಕೇಳುವುದು ಎಷ್ಟರಮಟ್ಟಿಗೆ ಕ್ರಿಸ್ತೊಫೊರಿಯ ದನಿ ಎಂದು ಹೇಳುವವರಿಲ್ಲ. ರೋಮಿನದಕ್ಕೆ ಹುಳು ಹಿಡಿದು ನುಡಿಸುವ ಸ್ಥಿತಿ ಇಲ್ಲ. ಲೈಪ್‌ಝಿಗ್‌ನದೂ ಈಗ ನುಡಿಯದು, ಆದರೆ ನುಡಿಯುತ್ತಿದ್ದ ಕಾಲದಲ್ಲಿ ಅದರ ಮುದ್ರಣ ನಡೆದಿತ್ತು. ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ. ಆ ಮುದ್ರಣದಲ್ಲಿರುವುದು 1726ರ ದನಿಯಲ್ಲ, ಸವೆದ ಮುದಿ ವಾದ್ಯದ ದನಿ. ಆದರೂ ಇಂದಿನ ಮೌನಕ್ಕಿಂತ ಅದು ಮೂಲಕ್ಕೆ ಹತ್ತಿರ. ದನಿಯ ಸಂಗ್ರಹ ಮೂಲವನ್ನು ಮರಳಿ ತರುವುದಿಲ್ಲ, ತರುತ್ತದೆಂದು ಹೇಳಿಕೊಳ್ಳಲೂ ಬಾರದು. ಇನ್ನೂ ಸವೆಯುವ ಮೊದಲು ಎಲ್ಲಿದ್ದೇವೆ ಎಂದು ಗುರುತು ಹಾಕುತ್ತದೆ. ಕೆರೆಯ ನೀರು ಎಷ್ಟಿತ್ತೆಂದು ತೂಬಿನ ಕಲ್ಲಿನ ಮೇಲೆ ಗೆರೆ ಕೊರೆದಂತೆ.

ಈ ಗೆರೆ ನಂಬಿಕೆಗೆ ಯೋಗ್ಯವಾಗಿರಬೇಕಾದರೆ ಅದನ್ನು ಚೆಂದಗೊಳಿಸಬಾರದು. ಇಲ್ಲೇ ಇಂದಿನ ರೂಢಿಯ ಬಗ್ಗೆ ಗಂಭೀರ ತಕರಾರು ಎತ್ತಬೇಕಾಗುತ್ತದೆ. ಮಾರಾಟಕ್ಕೆ ಸಿದ್ಧಪಡಿಸುವ ಸಂಗ್ರಹಗಳಲ್ಲಿ ಗದ್ದಲ ತೆಗೆಯುವುದು, ಶ್ರುತಿ ತಿದ್ದುವುದು, ನುಡಿಯದ ಕೊಳವೆಗೆ ಪಕ್ಕದ ಕೊಳವೆಯ ದನಿ ಎಳೆದು ಕೂಡಿಸುವುದು ಸಾಮಾನ್ಯ. ನುಡಿಸುವವರಿಗೆ ಇದು ಅನುಕೂಲ, ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ವರವೇ ಸರಿ. ಆದರೆ ತಿದ್ದಿದ ಪ್ರತಿಯೊಂದೇ ಉಳಿದು ತಿದ್ದುವ ಮೊದಲಿನದು ಅಳಿದರೆ, ಐವತ್ತು ವರ್ಷದ ನಂತರ ಕೇಳುವವರಿಗೆ ವಾದ್ಯ ಯಾವುದು, ಎಂಜಿನಿಯರ್ ಯಾರು ಎಂದು ಬೇರ್ಪಡಿಸಲು ದಾರಿ ಇರುವುದಿಲ್ಲ. ಮೇಲಾಗಿ ತಂತ್ರಾಂಶಕ್ಕೆ ವಾದ್ಯದಷ್ಟೂ ಆಯಸ್ಸಿಲ್ಲ. ಫ್ಲಾಪಿಯಲ್ಲಿಟ್ಟ ಕಡತ ತೆರೆಯಲು ಇಂದು ಯಂತ್ರ ಹುಡುಕುವುದೇ ಕಷ್ಟ. ಪರವಾನಗಿಯ ಬೀಗ ಹಾಕಿದ ಸಂಗ್ರಹವಂತೂ ಕಂಪನಿ ಮುಚ್ಚಿದ ದಿನವೇ ಮೂಕವಾಗುತ್ತದೆ. ಕೈ ಹಚ್ಚದ ಮೂಲ ಮುದ್ರಣವನ್ನು ಯಾವ ಕಂಪ್ಯೂಟರಾದರೂ ಓದಬಲ್ಲ ಸರಳ ಕಡತಗಳಾಗಿ, ಮೈಕ್ ಎಲ್ಲಿತ್ತು, ಉಷ್ಣತೆ ಎಷ್ಟಿತ್ತು, ಅಂದಿಗೆ ವಾದ್ಯದಲ್ಲಿ ಏನೇನು ಬದಲಾಗಿತ್ತು ಎಂಬ ಟಿಪ್ಪಣಿಯೊಡನೆ ಒಂದಕ್ಕಿಂತ ಹೆಚ್ಚು ಕಡೆ ಇಡುವುದೇ ಸಂರಕ್ಷಣೆ. ನುಡಿಸುವ ಪ್ರತಿ ಅದರ ಮೇಲೆ ಎಷ್ಟು ಬೇಕಾದರೂ ಕಟ್ಟಿಕೊಳ್ಳಬಹುದು.

ತಂಬೂರಿ ಬಲ್ಲವರ ಅನುಮಾನ

ಸಂಗೀತಗಾರರ ಆಕ್ಷೇಪ ಬೇರೆಯದೇ. ಅದನ್ನು ಅರಿಯಲು ಕನ್ನಡಿಗರು ಯುರೋಪಿಗೆ ಹೋಗಬೇಕಿಲ್ಲ. ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಂಡು ಪಾಠ ಒಪ್ಪಿಸುವ ಮಕ್ಕಳಿಗೂ ಗೊತ್ತು, ಮೀಟಿದ ತಂಬೂರಿಯ ನಾದ ಪ್ರತಿ ಸಲ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ, ಆ್ಯಪಿನದು ಸುತ್ತಿ ಸುತ್ತಿ ಅದೇ ಬರುತ್ತದೆ. ಸ್ಯಾಂಪಲ್ ಆರ್ಗನ್ನಿಗೂ ಇದೇ ಮಿತಿ. ಆರ್ಗನ್ನಿನಲ್ಲಿ ಸ್ವರ ಸ್ಥಿರವಾಗಿ ನಿಲ್ಲುವುದರಿಂದ ಮಿತಿ ಅಷ್ಟಾಗಿ ಕಾಣಿಸದು. ಪಿಯಾನೊದಲ್ಲಿ ಒಂದೇ ಕೀಯನ್ನು ಹತ್ತು ಹನ್ನೆರಡು ಬಲದಲ್ಲಿ ಮುದ್ರಿಸಿದರೂ ನಡುವಿನ ಸೂಕ್ಷ್ಮಗಳು ತಪ್ಪುತ್ತವೆ. ಕೀ ಒತ್ತಿದ ಮೇಲೂ ಬೆರಳು ತಂತಿಯ ಸಂಪರ್ಕದಲ್ಲೇ ಇದ್ದು ಸ್ವರವನ್ನು ತುಸು ತೂಗಿಸಬಲ್ಲ ಕ್ಲಾವಿಕಾರ್ಡಿನಂಥ ವಾದ್ಯದಲ್ಲಂತೂ, ಗಮಕವನ್ನು ಬಿಡಿ ಸ್ವರಗಳಲ್ಲಿ ಹಿಡಿದಷ್ಟೇ ಕಷ್ಟ.

ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಸಂಗ್ರಹ ಬೇಡವೆಂದು ಸಾಧಿಸುವುದಿಲ್ಲ. ಇನ್ನೇನೇನು ಸಂಗ್ರಹಿಸಬೇಕೆಂದು ತೋರಿಸುತ್ತದೆ. ಸ್ವರದ ಜೊತೆಗೆ ಕೀ ಎಷ್ಟು ಆಳ ಇಳಿಯುತ್ತದೆ, ಎಷ್ಟು ತೂಕಕ್ಕೆ ಇಳಿಯುತ್ತದೆ, ಗಾಳಿಯ ಒತ್ತಡ ಎಷ್ಟು, ಕೊಳವೆಯ ಬಾಯಿ ಎಷ್ಟು ಅಗಲ ಎಂಬ ಅಳತೆಗಳೂ ಬೇಕು. ಒಳ್ಳೆಯ ವಾದಕರು ಅದೇ ವಾದ್ಯದಲ್ಲಿ ನುಡಿಸಿದ ನಾಲ್ಕು ಕೃತಿಗಳ ಮುದ್ರಣವೂ ಬೇಕು, ಏಕೆಂದರೆ ಬಿಡಿ ಸ್ವರ ಹೇಳದ್ದನ್ನು ಅದು ಹೇಳುತ್ತದೆ. ನಮ್ಮ ವೃತ್ತಿ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂಗಳಿಗೂ ಇದೇ ಮಾತು. ರಂಗಗೀತೆಗಳ ಮುದ್ರಣಗಳಿಂದ ಹಾಡು ತಿಳಿಯುತ್ತದೆ. ಕಾಲಲ್ಲಿ ತಿದಿ ಒತ್ತಿ ಎರಡೂ ಕೈಯಲ್ಲಿ ನುಡಿಸುತ್ತಿದ್ದ ಆ ಪೆಟ್ಟಿಗೆಯ ಹಿತ್ತಾಳೆ ರೀಡುಗಳು ಒಂದೊಂದಾಗಿ ಹೇಗೆ ನುಡಿಯುತ್ತಿದ್ದವೆಂದು ತಿಳಿಯಬೇಕಾದರೆ, ಪೆಟ್ಟಿಗೆ ಗೆದ್ದಲಿಗೆ ಹೋಗುವ ಮೊದಲು ಯಾರಾದರೂ ಮೈಕ್ ಹಿಡಿಯಬೇಕು.

ಗಾಜಿನ ಆಚೆ

ಈಗ ಹುಲಿಯನ್ನು ಮತ್ತೆ ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಿನ ಚಾವಣಿ ಕುಸಿದಾಗ ಹುಲಿ ನೂರಾರು ಚೂರಾಯಿತು. 1947ರಲ್ಲಿ ಅದನ್ನು ಮತ್ತೆ ಕೂಡಿಸಿದರು. ಅದಕ್ಕೆ ಮೊದಲೂ ಆಮೇಲೂ ಒಳಯಂತ್ರಕ್ಕೆ ದುರಸ್ತಿಗಳಾಗಿವೆ. ಯಾಂತ್ರಿಕ ಸಂಗೀತವಾದ್ಯಗಳ ತಜ್ಞ ಆರ್ಥರ್ ಆರ್ಡ್‌-ಹ್ಯೂಮ್ ಅದನ್ನು ಪರಿಶೀಲಿಸಿ, ಹಿಂದೆ ಕೈ ಹಾಕಿದವರಿಂದ ಮೂಲ ರಚನೆಯ ಬಹುಪಾಲು ಅಳಿದಿದೆ ಎಂದು ನೊಂದು ಬರೆದಿದ್ದಾರೆ. ಟಿಪ್ಪುವಿನ ಕಿವಿಗೆ ಬಿದ್ದ ದನಿ ಇಂದಿನ ಹುಲಿಯಲ್ಲಿ ಹಾಗೆಯೇ ಇದೆಯೆಂದು ಯಾರೂ ಹೇಳಲಾರರು. ಕ್ರಿಸ್ತೊಫೊರಿಯ ಪಿಯಾನೊಗಳ ಪಾಡೇ ಇದು. ಮತ್ತೆ ಮತ್ತೆ ನುಡಿಸಿದರೆ ಉಳಿದದ್ದೂ ಸವೆಯುತ್ತದೆಂದು ಮ್ಯೂಸಿಯಂ ಹಿಡಿಕೆಯನ್ನು ಜನರ ಕೈಗೆ ಕೊಡದಿರುವುದು ಸರಿಯೇ.

ಆದರೆ ಲೆಕ್ಕ ಹಾಕಿ ನೋಡಿ. 18 ಕೀ, ಎರಡು ಸಾಲು, ಎಂದರೆ 36 ಕೊಳವೆ. ಒಂದೊಂದನ್ನು ಹತ್ತು ಸೆಕೆಂಡಿನಂತೆ ಐದು ಸಲ ನುಡಿಸಿದರೆ ಒಟ್ಟು ಅರ್ಧ ಗಂಟೆಯ ನಾದ. ಹುಲಿಯ ತಲೆಯೊಳಗಿನ ಗುಟುರು, ಬಿದ್ದವನ ಗಂಟಲ ಕೊಳವೆಯ ನರಳಾಟ, ಹಿಡಿಕೆ ಒಂದು ಸುತ್ತು ಬರುವಾಗ ಹಲ್ಲುಚಕ್ರದ ಸದ್ದು, ಏಳುವ ಬೀಳುವ ಕೈಯ ಮರದ ಕಿರುಗು ಸೇರಿದರೂ ಒಂದು ರಾತ್ರಿಗೆ ಮೀರಿದ ಕೆಲಸವಲ್ಲ. ಸಂರಕ್ಷಣಾ ತಜ್ಞರು ಒಪ್ಪಿ, ಪಕ್ಕದಲ್ಲೇ ನಿಂತು ಮಾಡಿಸಿದ ಒಂದು ಎಚ್ಚರದ ರಾತ್ರಿ, ಮುಂದೆ ಪ್ರತಿ ತಲೆಮಾರಿನ ಕುತೂಹಲಕ್ಕೂ ಹಿಡಿಕೆ ತಿರುಗಿಸುವ ಅಗತ್ಯವನ್ನು ಕಡಿಮೆ ಮಾಡುತ್ತದೆ. ಮ್ಯೂಸಿಯಂನವರು ಅದನ್ನು ನುಡಿಸಿ ತೋರಿಸಿದ ವಿಡಿಯೊ ಉಂಟು. ಅದರಿಂದ ಧಾಟಿ ತಿಳಿಯುತ್ತದೆ, ಕೊಳವೆ ಕೊಳವೆಯ ಗುಣ ತಿಳಿಯದು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಂಥ ಸಂಗ್ರಹ ಸಿದ್ಧವಾದರೆ, ದನಿ ಕೊಟ್ಟಾಯಿತು ಇನ್ನು ಮೂಲದ ಮಾತು ಬೇಡ ಎಂಬ ವಾದಕ್ಕೆ ಅದು ಆಸರೆಯಾಗಕೂಡದು. ಯುದ್ಧದಲ್ಲಿ ದೋಚಿದ ವಸ್ತು ಎಲ್ಲಿರಬೇಕೆಂಬುದು ನ್ಯಾಯದ ಪ್ರಶ್ನೆ. ದನಿಯ ಕಡತ ಅದಕ್ಕೆ ಪರಿಹಾರವಲ್ಲ. ಆದರೆ ಆ ಪ್ರಶ್ನೆ ಬಗೆಹರಿಯುವವರೆಗೆ ಮೈಸೂರು, ಮಂಡ್ಯದ ಮಕ್ಕಳು ಅದರ ದನಿಯನ್ನೂ ಕೇಳದೆ ಕಾಯಬೇಕಾಗಿಲ್ಲ. ಮೂಲ ಮುದ್ರಣ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿದ್ದರೆ ಮೈಸೂರಿನ ಸಂಗೀತ ವಿದ್ಯಾರ್ಥಿಯೊಬ್ಬಳು ಆ 18 ಸ್ವರಗಳಲ್ಲಿ ಏನು ನುಡಿಸಲು ಸಾಧ್ಯ, ಏನು ಸಾಧ್ಯವಿಲ್ಲ ಎಂದು ತಾನೇ ನೋಡಬಹುದು. ಅವು ಯಾವ ಶ್ರುತಿಗೆ ಕೂತಿವೆ, ಆ ಶ್ರುತಿ ನಮ್ಮದೋ ಐರೋಪ್ಯರದೋ, ದುರಸ್ತಿಗಾರರದೋ ಎಂದು ಲೆಕ್ಕ ಹಾಕಬಹುದು.

ಒಂದನ್ನು ಮಾತ್ರ ಯಾವ ಮೈಕೂ ಹಿಡಿಯಲಾರದು. ಹುಲಿ ಸಿಕ್ಕಿದ ಅರಮನೆ ಇಂದಿಲ್ಲ. ಶ್ರೀರಂಗನಾಥ ದೇವಸ್ಥಾನದ ಹತ್ತಿರ ಲಾಲ್ ಮಹಲಿನ ಪಾಳು ಜಗಲಿ, ಒಂದಷ್ಟು ಕಲ್ಲು ಉಳಿದಿವೆ. ಆ ಸಂಗೀತದ ಕೋಣೆಯ ಗೋಡೆ ಎಷ್ಟು ದೂರವಿತ್ತು, ನೆಲಕ್ಕೆ ಏನು ಹಾಸಿತ್ತು, ಗುಟುರು ಗೋಡೆಗೆ ಬಡಿದು ಮರಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಅಳೆಯಲು ಅಲ್ಲಿ ಕೋಣೆಯೇ ಇಲ್ಲ. ಲಂಡನ್ನಿನಲ್ಲಿ ಮುದ್ರಿಸಿದ ಬೋಳು ದನಿಯನ್ನು ಆ ಜಗಲಿಯ ಮೇಲೆ ಸ್ಪೀಕರ್ ಇಟ್ಟು ನುಡಿಸಿದರೆ ಅದು ಬಯಲಿಗೆ ಹರಿದು ಕಾವೇರಿಯ ಕಡೆ ಹೋಗುತ್ತದೆ.